ಬೇಲಿಯೊಳಗೆ ಅಳಿದ ಚಿಟ್ಟೆ

ಅಳಿವಿನ ಅಂಚಿನಲ್ಲಿರುವ ಒಂದು ಜೀವಿಯನ್ನು ಉಳಿಸಬೇಕಾಗಿದೆ. ನೀವು ಮೊದಲು ಏನು ಮಾಡುತ್ತೀರಿ? ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿ ನೋಡಿ. ಬರುವ ಉತ್ತರಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಅದನ್ನು ಹಿಡಿಯುವವರನ್ನು ತಡೆಯಬೇಕು, ಅದಿರುವ ಜಾಗಕ್ಕೆ ಬೇಲಿ ಹಾಕಬೇಕು, ದನಕುರಿ ನುಗ್ಗದಂತೆ ನೋಡಿಕೊಳ್ಳಬೇಕು, ಅದರ ಆಹಾರದ ಗಿಡವನ್ನು ಕಾಪಾಡಬೇಕು. ಇಂಗ್ಲೆಂಡಿನಲ್ಲಿ ಒಂದು ಚಿಟ್ಟೆಯ ವಿಷಯದಲ್ಲಿ ಇದನ್ನೆಲ್ಲ ನಿಷ್ಠೆಯಿಂದ ಮಾಡಿದರು. ಬೇಲಿಯೊಳಗೆ ಹುಲ್ಲು ಸೊಂಪಾಗಿ ಬೆಳೆಯಿತು, ಆಹಾರದ ಗಿಡವೂ ಉಳಿಯಿತು. ಚಿಟ್ಟೆ ಮಾತ್ರ ಇಲ್ಲವಾಯಿತು. 1979ರಲ್ಲಿ ಅದು ಬ್ರಿಟನ್ನಿನಿಂದ ಪೂರ್ತಿಯಾಗಿ ಅಳಿಯಿತು.

ಆ ಚಿಟ್ಟೆಯನ್ನು ಅಲ್ಲಿನವರು 'ಲಾರ್ಜ್ ಬ್ಲೂ' ಎನ್ನುತ್ತಾರೆ. ನಾವು 'ದೊಡ್ಡ ನೀಲಿ' ಎನ್ನೋಣ. ಇಂದು ನೈರುತ್ಯ ಇಂಗ್ಲೆಂಡಿನ ಗುಡ್ಡದ ಇಳಿಜಾರುಗಳಲ್ಲಿ ಅದು ಸಾವಿರಾರು ಸಂಖ್ಯೆಯಲ್ಲಿ ಹಾರಾಡುತ್ತಿದೆ. ಅಳಿದದ್ದು ಏಕೆ, ಮರಳಿದ್ದು ಹೇಗೆ? ಕೀಟಗಳ ಸಂರಕ್ಷಣೆಯ ಇತಿಹಾಸದಲ್ಲಿ ಇಷ್ಟು ಪಾಠ ಕಲಿಸಿದ ಪ್ರಸಂಗಗಳು ಕಡಿಮೆ.

ಗಿಡ ಬಿಟ್ಟು ಇಳಿಯುವ ಹುಳು

ದೊಡ್ಡ ನೀಲಿಗೆ ವೈಜ್ಞಾನಿಕ ಹೆಸರು ಕೊಟ್ಟವನು ಸ್ವೀಡನ್ನಿನ ಲಿನೇಯಸ್, 1758ರಲ್ಲಿ. ಈಗ ಅದು ಫೆಂಗಾರಿಸ್ ಏರಿಯಾನ್. ಹಿಂದಿನ ಪುಸ್ತಕಗಳಲ್ಲಿ ಮ್ಯಾಕ್ಯುಲೀನಿಯ ಏರಿಯಾನ್ ಎಂದು ಕಾಣುತ್ತದೆ. ನಮ್ಮ ಹಿತ್ತಿಲಿನಲ್ಲಿ ನೆಲಕ್ಕೆ ಸಮೀಪವಾಗಿ ಹಾರುವ ಪುಟ್ಟ ನೀಲಿ ಚಿಟ್ಟೆಗಳನ್ನು ನೀವು ನೋಡಿರುತ್ತೀರಿ. ಅವುಗಳ ಕುಟುಂಬವಾದ ಲೈಸೀನಿಡೇಗೇ ಇದೂ ಸೇರಿದೆ. ಆದರೆ ಗಾತ್ರದಲ್ಲಿ ದೊಡ್ಡದು. ರೆಕ್ಕೆ ಹರಡಿದರೆ ಸುಮಾರು 4ರಿಂದ 5 ಸೆಂ.ಮೀ. ಗಾಢ ನೀಲಿಯ ಮುಂದಿನ ರೆಕ್ಕೆಗಳ ಮೇಲೆ ಕಪ್ಪು ಮಚ್ಚೆಗಳು.

ಹೆಣ್ಣು ಚಿಟ್ಟೆ ಜೂನ್-ಜುಲೈ ತಿಂಗಳಲ್ಲಿ ಕಾಡು ಥೈಮ್ ಗಿಡದ ಹೂಮೊಗ್ಗುಗಳ ನಡುವೆ ಮೊಟ್ಟೆ ಇಡುತ್ತದೆ. ಥೈಮ್ ನಮ್ಮ ತುಳಸಿಯ ಕುಟುಂಬಕ್ಕೆ ಸೇರಿದ, ನೆಲಕ್ಕೆ ಹರಡಿಕೊಂಡು ಬೆಳೆಯುವ, ಸುವಾಸನೆಯ ಗಿಡ. ಮೊಟ್ಟೆಯೊಡೆದ ಮರಿ ಎರಡು ಮೂರು ವಾರ ಹೂವನ್ನು ತಿಂದು ಮೂರು ಬಾರಿ ಪೊರೆ ಕಳಚುತ್ತದೆ. ಇಲ್ಲಿಯವರೆಗೆ ವಿಶೇಷವೇನೂ ಇಲ್ಲ.

ವಿಚಿತ್ರ ಶುರುವಾಗುವುದು ಮೂರನೆಯ ಪೊರೆ ಕಳಚಿದ ಮೇಲೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಹುಳುವನ್ನು ಮನೆಯಲ್ಲಿ ಸಾಕಲು ಹೊರಟ ಹವ್ಯಾಸಿಗಳಿಗೆಲ್ಲ ಆದ ಅನುಭವ ಒಂದೇ. ಅಲ್ಲಿಯವರೆಗೆ ಚೆನ್ನಾಗಿ ತಿನ್ನುತ್ತಿದ್ದ ಹುಳು ಇದ್ದಕ್ಕಿದ್ದಂತೆ ಥೈಮ್ ಗಿಡವನ್ನು ತೊರೆದು ಕೆಳಗಿಳಿಯುತ್ತಿತ್ತು. ಹೊಸ ಹೂ ಕೊಟ್ಟರೆ ಮುಟ್ಟುತ್ತಿರಲಿಲ್ಲ. ಬೇರೆ ಗಿಡ ಕೊಟ್ಟರೂ ಬೇಡ. ಕೊನೆಗೆ ಸೊರಗಿ ಸಾಯುತ್ತಿತ್ತು. ಬಯಲಿನಲ್ಲಾದರೋ ಆ ಪುಟ್ಟ ಹುಳು ನೆಲಕ್ಕೆ ಬಿದ್ದು ಕಾಣೆಯಾಗುತ್ತಿತ್ತು. ಮುಂದಿನ ಬೇಸಿಗೆಯಲ್ಲಿ ಅದೇ ಜಾಗದಲ್ಲಿ ಚಿಟ್ಟೆಗಳು ಎದ್ದು ಬರುತ್ತಿದ್ದವು. ನಡುವಿನ ಹತ್ತು ತಿಂಗಳು ಹುಳು ಎಲ್ಲಿರುತ್ತದೆ, ಏನು ತಿನ್ನುತ್ತದೆ?

ಅಕ್ರೋಟದ ಚಿಪ್ಪಿನಲ್ಲಿ ಪ್ರಯೋಗ

ಉತ್ತರದ ಎಳೆ ಸಿಕ್ಕಿದ್ದು 1915ರಲ್ಲಿ. ಟಿ. ಎ. ಚಾಪ್ಮನ್ ಎಂಬ ಕೀಟವಿಜ್ಞಾನಿ ಒಂದು ಥೈಮ್ ಗಿಡವನ್ನು ಬೇರುಸಹಿತ ಕಿತ್ತಾಗ ಅದರ ಕೆಳಗೆ ಕೆಂಪು ಇರುವೆಗಳ ಗೂಡಿತ್ತು. ಗೂಡಿನಲ್ಲಿ ಬಲಿತ ದೊಡ್ಡ ನೀಲಿಯ ಹುಳು ಇತ್ತು. ಕೀಳುವ ಭರದಲ್ಲಿ ಹುಳುವಿಗೆ ಪೆಟ್ಟಾಗಿತ್ತು. ಚಾಪ್ಮನ್ ಅದರ ಹೊಟ್ಟೆಯನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಎಲೆಯ ಚೂರಲ್ಲ, ಇರುವೆ ಮರಿಗಳ ಅವಶೇಷ! ಹೂ ತಿನ್ನುತ್ತಿದ್ದ ಹುಳು ಮಾಂಸಾಹಾರಿಯಾಗಿ ಬದಲಾಗಿತ್ತು.

ಇದೇ ಒಗಟಿನ ಬೆನ್ನು ಹತ್ತಿದ್ದ ಎಫ್. ಡಬ್ಲ್ಯು. ಫ್ರೋಹಾಕ್ ಮತ್ತು ಕ್ಯಾಪ್ಟನ್ ಪ್ಯೂರ್‌ಫಾಯ್ ಮುಂದಿನ ಹಂತಗಳನ್ನು ಬಿಡಿಸಿದರು. ಪ್ಯೂರ್‌ಫಾಯ್ ಬಳಸಿದ ಉಪಕರಣ ಅಕ್ರೋಟದ ಅರ್ಧ ಚಿಪ್ಪು. ಅದರೊಳಗೆ ಹುಳುವನ್ನೂ ಇರುವೆಗಳನ್ನೂ ಒಟ್ಟಿಗೆ ಸಾಕಿ ಅವುಗಳ ವ್ಯವಹಾರವನ್ನು ದಾಖಲಿಸಿದರು. ದುಬಾರಿ ಸಲಕರಣೆ ಇಲ್ಲದೆ ಎಂಥ ಪ್ರಯೋಗ ಮಾಡಬಹುದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಅವರಿಂದ ಮತ್ತು ಆನಂತರದ ಅಧ್ಯಯನಗಳಿಂದ ನಮಗೆ ತಿಳಿದಿರುವುದು ಹೀಗೆ. ಹುಳು ಸಾಮಾನ್ಯವಾಗಿ ಸಂಜೆಯ ಹೊತ್ತಿಗೆ ನೆಲಕ್ಕಿಳಿಯುತ್ತದೆ. ಮಿರ್ಮಿಕಾ ಕುಲದ ಕೆಂಪು ಇರುವೆಗಳು ಆಹಾರ ಹುಡುಕುತ್ತ ಓಡಾಡುವ ಹೊತ್ತು ಅದು. ಇರುವೆ ಎದುರಾದರೆ ಹುಳು ತನ್ನ ಮೈಮೇಲಿನ ಗ್ರಂಥಿಯಿಂದ ಸಿಹಿ ದ್ರವವನ್ನು ಒಸರುತ್ತದೆ. ಇರುವೆ ಅದನ್ನು ಚಪ್ಪರಿಸುತ್ತದೆ. ಕೊನೆಗೊಮ್ಮೆ ಹುಳು ಮೈ ಉಬ್ಬಿಸಿ ನಿಲ್ಲುತ್ತದೆ. ಅದರ ಚರ್ಮದ ವಾಸನೆ, ಸ್ಪರ್ಶ ಎರಡೂ ಇರುವೆ ಮರಿಯನ್ನು ಹೋಲುವುದರಿಂದ, ಗೂಡಿನಿಂದ ಹೊರಬಿದ್ದ ತನ್ನದೇ ಮರಿಯೆಂದು ಬಗೆದ ಇರುವೆ ಅದನ್ನು ಕಚ್ಚಿಕೊಂಡು ಗೂಡಿಗೆ ಒಯ್ಯುತ್ತದೆ.

ಹಾಗೆ ಬಂದ 'ಮರಿ' ಮಾಡುವ ಕೆಲಸ ಕೇಳಿ. ಗೂಡಿನ ಒಂದು ಮೂಲೆಯಲ್ಲಿ ಬಿದ್ದುಕೊಂಡಿದ್ದು, ಹಸಿವಾದಾಗ ಇರುವೆ ಮರಿಗಳಿರುವ ಕೋಣೆಗೆ ಬಂದು ತಿಂದು ಹಿಂದಿರುಗುತ್ತದೆ. ಮೊದಲು ದೊಡ್ಡ ಮರಿಗಳನ್ನು ತಿನ್ನುತ್ತದೆ. ಆಗ ಚಿಕ್ಕವು ಬೆಳೆದು ಮುಂದಿನ ಊಟಕ್ಕೆ ಒದಗುತ್ತವೆ. ಸುಮಾರು ಹತ್ತು ತಿಂಗಳಲ್ಲಿ ತನ್ನ ಪೂರ್ಣ ತೂಕದ ಶೇಕಡ 98ರಷ್ಟನ್ನು ಅದು ಗಳಿಸುವುದು ಈ ಗೂಡಿನಲ್ಲೇ. ಅಲ್ಲೇ ಕೋಶವಾಗಿ, ಬೇಸಿಗೆಯ ಒಂದು ಬೆಳಗ್ಗೆ ಚಿಟ್ಟೆಯಾಗಿ ಸುರಂಗದಿಂದ ಹೊರಗೆ ತೆವಳಿ ಬಂದು ರೆಕ್ಕೆ ಒಣಗಿಸಿಕೊಳ್ಳುತ್ತದೆ.

ಬೇಲಿ ಹಾಕಿದರೂ ಉಳಿಯಲಿಲ್ಲ

ಜೀವನಚಕ್ರವೇನೋ ತಿಳಿಯಿತು. ಚಿಟ್ಟೆ ಮಾತ್ರ ಒಂದೊಂದೇ ಜಿಲ್ಲೆಯಿಂದ ಮರೆಯಾಗುತ್ತಲೇ ಇತ್ತು. ಹತ್ತೊಂಬತ್ತನೆಯ ಶತಮಾನದಿಂದಲೂ ಇಂಗ್ಲೆಂಡಿನಲ್ಲಿ ಚಿಟ್ಟೆ ಸಂಗ್ರಹದ ಗೀಳು ಬಲವಾಗಿತ್ತು. ಅಪರೂಪದ ದೊಡ್ಡ ನೀಲಿಗೆ ಸಂಗ್ರಾಹಕರಲ್ಲಿ ಭಾರಿ ಬೇಡಿಕೆ. ಹೀಗಾಗಿ ಅಪರಾಧಿಗಳು ಅವರೇ ಎಂದು ಎಲ್ಲರೂ ತೀರ್ಮಾನಿಸಿದರು. 1930ರ ದಶಕದಲ್ಲಿ ಚಿಟ್ಟೆಯಿದ್ದ ಒಂದು ನೆಲೆಯನ್ನು ರಕ್ಷಿತ ಪ್ರದೇಶವಾಗಿ ಮಾಡಿ ಬೇಲಿ ಹಾಕಿದರು. ಸಂಗ್ರಾಹಕರು ಹೊರಗುಳಿದರು. ಅವರ ಜೊತೆಗೆ, ಶತಮಾನಗಳಿಂದ ಅಲ್ಲಿ ಮೇಯುತ್ತಿದ್ದ ದನಕುರಿಗಳೂ ಹೊರಗುಳಿದವು. ಕೆಲವೇ ವರ್ಷಗಳಲ್ಲಿ ಆ ನೆಲೆಯಿಂದ ಚಿಟ್ಟೆ ಮಾಯವಾಯಿತು. ಬೇಲಿಯಿಲ್ಲದ, ಸಂಗ್ರಾಹಕರು ಬಂದುಹೋಗುತ್ತಿದ್ದ ಕೆಲವು ನೆಲೆಗಳಲ್ಲಿ ಅದು ಇನ್ನೂ ಉಳಿದಿತ್ತು! ಆದರೂ ಕಾರಣ ಹೊಳೆಯಲಿಲ್ಲ.

1953ರಲ್ಲಿ ಬ್ರಿಟನ್ನಿಗೆ ಮಿಕ್ಸೊಮಟೋಸಿಸ್ ಎಂಬ ವೈರಸ್ ರೋಗ ಕಾಲಿಟ್ಟಿತು. ಕೆಲವೇ ವರ್ಷಗಳಲ್ಲಿ ಅಲ್ಲಿನ ಕಾಡು ಮೊಲಗಳಲ್ಲಿ ಬಹುಪಾಲು ಸತ್ತುಹೋದವು. ಅದೇ ಕಾಲದಲ್ಲಿ ಕೃಷಿಯ ಲೆಕ್ಕಾಚಾರವೂ ಬದಲಾಗಿತ್ತು. ಕಡಿದಾದ ಬಡ ಇಳಿಜಾರುಗಳಲ್ಲಿ ದನಕುರಿ ಮೇಯಿಸುವುದು ಲಾಭವಲ್ಲವೆಂದು ರೈತರು ಬಿಟ್ಟುಬಿಟ್ಟರು. ಇದಕ್ಕೂ ಚಿಟ್ಟೆಗೂ ಏನು ಸಂಬಂಧ ಎಂದು ಆಗ ಯಾರೂ ಕೇಳಲಿಲ್ಲ. 1970ರ ದಶಕದ ಆರಂಭಕ್ಕೆ ಚಿಟ್ಟೆಯ ನೆಲೆಗಳು ಬೆರಳೆಣಿಕೆಗೆ ಇಳಿದಿದ್ದವು.

ಒಂದೇ ಕುಲ, ಬೇರೆ ಪ್ರಭೇದ

1972ರಲ್ಲಿ ಜೆರೆಮಿ ಥಾಮಸ್ ಎಂಬ ಯುವ ವಿಜ್ಞಾನಿ ಈ ಕೆಲಸಕ್ಕೆ ಇಳಿದರು. ಡಾರ್ಟ್‌ಮೂರ್ ಪ್ರದೇಶದಲ್ಲಿ ಉಳಿದಿದ್ದ ನೆಲೆಯಲ್ಲಿ ಬೇಸಿಗೆಯಿಡೀ ಕುಳಿತು ಅವರು ಮಾಡಿದ್ದು ಲೆಕ್ಕದ ಕೆಲಸ. ಎಷ್ಟು ಮೊಟ್ಟೆ, ಎಷ್ಟು ಒಡೆದವು, ಎಷ್ಟು ಹುಳು ನೆಲಕ್ಕಿಳಿದವು, ಯಾವ ಗೂಡಿಗೆ ಹೋದವು, ಎಷ್ಟು ಚಿಟ್ಟೆಯಾದವು? ಪ್ರತಿ ಹಂತದ ಸಾವಿನ ಪ್ರಮಾಣವನ್ನು ಬರೆದಿಟ್ಟರೆ ನಷ್ಟ ಎಲ್ಲಿ ಆಗುತ್ತಿದೆ ಎಂಬುದು ತಾನಾಗಿಯೇ ಹೊರಬೀಳುತ್ತದೆ ಎಂಬುದು ಅವರ ನಂಬಿಕೆ.

ಹಾಗೆಯೇ ಆಯಿತು. ಮಿರ್ಮಿಕಾ ಕುಲದ ಯಾವ ಇರುವೆಯಾದರೂ ಸಾಕೆಂದು ಅಲ್ಲಿಯವರೆಗೆ ಎಲ್ಲರೂ ತಿಳಿದಿದ್ದರು. ಸಾಕುವ ಪೆಟ್ಟಿಗೆಯಲ್ಲಿ ಅದು ನಿಜವೂ ಹೌದು. ಆದರೆ ಬಯಲಿನಲ್ಲಿ ಚಿತ್ರ ಬೇರೆ. ದಾರಿಯಲ್ಲಿ ಸಿಕ್ಕ ಹುಳುವನ್ನು ಯಾವ ಮಿರ್ಮಿಕಾ ಬೇಕಾದರೂ ಹೊತ್ತೊಯ್ಯುತ್ತದೆ. ಒಯ್ದ ಮೇಲೆ ಹುಳು ಬದುಕುಳಿಯುವ ಪ್ರಮಾಣ ಮಾತ್ರ ಮಿರ್ಮಿಕಾ ಸಬುಲೆಟಿ ಎಂಬ ಒಂದು ಪ್ರಭೇದದ ಗೂಡುಗಳಲ್ಲಿ ಉಳಿದವುಗಳಿಗಿಂತ ಹಲವು ಪಟ್ಟು ಹೆಚ್ಚು. ನೋಡಲು ಹೆಚ್ಚುಕಡಿಮೆ ಹಾಗೆಯೇ ಇರುವ ಮಿರ್ಮಿಕಾ ಸ್ಕ್ಯಾಬ್ರಿನೋಡಿಸ್ ಗೂಡುಗಳಲ್ಲಿ ಹೆಚ್ಚಿನ ಹುಳುಗಳು ಸಾಯುತ್ತಿದ್ದವು.

ಈ ಸಣ್ಣ ವ್ಯತ್ಯಾಸ ಇಡೀ ನೆಲೆಯನ್ನು ಅಳಿಸಬಲ್ಲದೆ? ಒಂದು ಲೆಕ್ಕ ಮಾಡಿ ನೋಡೋಣ. ಇಲ್ಲಿನ ಅಂಕಿಗಳು ಲೆಕ್ಕದ ಅನುಕೂಲಕ್ಕೆ ಹಿಡಿದವು. ಒಂದು ಹೆಣ್ಣು ಚಿಟ್ಟೆಯ 24 ಹುಳುಗಳು ಇರುವೆ ಗೂಡು ಸೇರಿದವು ಎಂದಿಟ್ಟುಕೊಳ್ಳಿ. ಸರಿಯಾದ ಇರುವೆಯ ಗೂಡಿನಲ್ಲಿ ನೂರಕ್ಕೆ 15, ತಪ್ಪು ಇರುವೆಯ ಗೂಡಿನಲ್ಲಿ ನೂರಕ್ಕೆ 2 ಹುಳು ಬದುಕುತ್ತವೆ ಎನ್ನೋಣ. ಅರ್ಧದಷ್ಟು ಹುಳುಗಳು ಸರಿಯಾದ ಗೂಡು ಸೇರಿದರೆ ಬದುಕುವವು 1.8 + 0.24, ಅಂದರೆ ಸುಮಾರು 2. ತಂದೆತಾಯಿ ಎರಡು ಚಿಟ್ಟೆಗಳ ಜಾಗಕ್ಕೆ ಎರಡು ಬಂದಂತಾಯಿತು, ಸಂಖ್ಯೆ ಸ್ಥಿರ. ಕಾಲುಭಾಗ ಮಾತ್ರ ಸರಿಯಾದ ಗೂಡು ಸೇರಿದರೆ? 0.9 + 0.36, ಅಂದರೆ 1.26. ಈ ವರ್ಷ 100 ಚಿಟ್ಟೆಗಳಿದ್ದರೆ ಮುಂದಿನ ವರ್ಷ 63, ಆಮೇಲೆ 40, 25, 16, ಐದನೆಯ ವರ್ಷ 10. ಬೇಟೆಯಿಲ್ಲ, ವಿಷವಿಲ್ಲ, ಗಿಡ ಹಾಗೆಯೇ ಇದೆ. ನೆಲದಡಿಯಲ್ಲಿ ಇರುವೆಗಳ ಅನುಪಾತವಷ್ಟೆ ಬದಲಾದದ್ದು.

ಹುಲ್ಲಿನ ಎತ್ತರ

ಇರುವೆಗಳ ಅನುಪಾತ ಏಕೆ ಬದಲಾಯಿತು? ಉತ್ತರ ಹುಲ್ಲಿನ ಎತ್ತರದಲ್ಲಿತ್ತು. ಬ್ರಿಟನ್ ಈ ಚಿಟ್ಟೆಯ ಮತ್ತು ಈ ಇರುವೆಯ ವ್ಯಾಪ್ತಿಯ ಉತ್ತರದ ಅಂಚಿಗೆ ಹತ್ತಿರದಲ್ಲಿದೆ. ಅಲ್ಲಿನ ತಂಪು ಹವೆಯಲ್ಲಿ ಮಿರ್ಮಿಕಾ ಸಬುಲೆಟಿಗೆ ಬೇಕಾದ ಬಿಸುಪು ಸಿಗುವುದು ದಕ್ಷಿಣಕ್ಕೆ ಮುಖಮಾಡಿದ ಇಳಿಜಾರುಗಳಲ್ಲಿ, ಅದೂ ಹುಲ್ಲು ನೆಲಮಟ್ಟಕ್ಕೆ ಮೇಯಲ್ಪಟ್ಟಿದ್ದಾಗ. ಹುಲ್ಲು ಎರಡು ಮೂರು ಸೆಂ.ಮೀ. ಮೀರಿ ಬೆಳೆದರೆ ನೆಲಕ್ಕೆ ನೆರಳಾಗುತ್ತದೆ, ಮಣ್ಣಿನ ಉಷ್ಣತೆ 2-3 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ನಮಗದು ಗೊತ್ತೂ ಆಗುವುದಿಲ್ಲ. ಆದರೆ ಇರುವೆಗೆ ಅಷ್ಟು ಸಾಕು. ಸಬುಲೆಟಿ ಹಿಂದೆ ಸರಿಯುತ್ತದೆ, ತಂಪನ್ನು ತಾಳಬಲ್ಲ ಸ್ಕ್ಯಾಬ್ರಿನೋಡಿಸ್ ಆ ಜಾಗವನ್ನು ಆಕ್ರಮಿಸುತ್ತದೆ.

ಈಗ ಹಿಂದಿನ ಘಟನೆಗಳನ್ನೆಲ್ಲ ಜೋಡಿಸಿ. ಬೇಲಿ ಹಾಕಿ ದನಕುರಿ ತಡೆದರು, ಹುಲ್ಲು ಬೆಳೆಯಿತು. ಮೊಲಗಳು ಸತ್ತವು, ಹುಲ್ಲು ಬೆಳೆಯಿತು. ರೈತರು ಮೇಯಿಸುವುದನ್ನು ಬಿಟ್ಟರು, ಹುಲ್ಲು ಬೆಳೆಯಿತು. ಮೂರೂ ಸಲ ಸೋತದ್ದು ಇರುವೆ, ಅದರ ಬೆನ್ನಿಗೆ ಚಿಟ್ಟೆ.

ಇನ್ನೂ ಒಂದು ಮಿತಿಯಿತ್ತು. ಒಂದು ಹುಳು ಚಿಟ್ಟೆಯಾಗಲು ಸುಮಾರು 230 ಇರುವೆ ಮರಿಗಳು ಬೇಕು. ಅಷ್ಟನ್ನು ಒದಗಿಸಲು ಗೂಡಿನಲ್ಲಿ 350ರಷ್ಟಾದರೂ ಕೆಲಸಗಾರ ಇರುವೆಗಳಿರಬೇಕು. ಒಂದೇ ಗೂಡಿಗೆ ನಾಲ್ಕಾರು ಹುಳುಗಳು ಬಂದು ಸೇರಿದರೆ ಮರಿಗಳೆಲ್ಲ ಬೇಗ ಮುಗಿದು ಹುಳುಗಳು ಹಸಿವಿನಿಂದ ಸಾಯುತ್ತವೆ. ಅಂದರೆ ಥೈಮ್ ಗಿಡಗಳು ಒಂದೇ ಕಡೆ ಗುಂಪಾಗಿದ್ದರೆ ಸಾಲದು, ಇರುವೆ ಗೂಡುಗಳ ನಡುವೆ ಹರಡಿಕೊಂಡಿರಬೇಕು.

ತಡವಾಗಿ ಬಂದ ಉತ್ತರ

ಕಾರಣ ತಿಳಿದೊಡನೆ ಕೊನೆಯ ನೆಲೆಯಲ್ಲಿ ಪೊದೆ ಕಡಿದು ಮೇವು ಮತ್ತೆ ಶುರುಮಾಡಿದರು. ಇರುವೆಗಳು ಚೇತರಿಸಿಕೊಳ್ಳತೊಡಗಿದವು. ಆದರೆ 1975 ಮತ್ತು 1976ರಲ್ಲಿ ಒಂದರ ಹಿಂದೆ ಒಂದರಂತೆ ಬರಗಾಲ ಬಂತು. ಮೊದಲೇ ಬೆರಳೆಣಿಕೆಯಷ್ಟಿದ್ದ ಚಿಟ್ಟೆಗಳಿಗೆ ಆ ಪೆಟ್ಟನ್ನು ತಾಳುವ ಶಕ್ತಿ ಇರಲಿಲ್ಲ. 1979ರಲ್ಲಿ ಬ್ರಿಟನ್ನಿನ ದೊಡ್ಡ ನೀಲಿ ಅಳಿಯಿತು. ಕೆಲವೇ ವರ್ಷ ಮೊದಲು ಈ ಅಧ್ಯಯನ ನಡೆದಿದ್ದರೆ ಅಲ್ಲಿನ ಮೂಲ ಸಂತತಿಯೇ ಉಳಿಯುತ್ತಿತ್ತೇನೋ. ಥಾಮಸ್ 1980ರಲ್ಲಿ ಪ್ರಕಟಿಸಿದ ಲೇಖನದ ಶೀರ್ಷಿಕೆಯೇ ಒಂದು ಪ್ರಶ್ನೆ: ದೊಡ್ಡ ನೀಲಿ ಬ್ರಿಟನ್ನಿನಲ್ಲಿ ಅಳಿದದ್ದೇಕೆ?

ಆ ಪ್ರಶ್ನೆಗೆ ಕೊಟ್ಟ ಉತ್ತರ ಸರಿಯೇ ಎಂದು ಪರೀಕ್ಷಿಸುವ ದಾರಿ ಒಂದೇ ಇತ್ತು. ಆವಾಸವನ್ನು ಸರಿಪಡಿಸಿ ಚಿಟ್ಟೆಯನ್ನು ಮತ್ತೆ ಬಿಡುವುದು. ಡಾರ್ಟ್‌ಮೂರ್‌ನಲ್ಲಿ ಗುಟ್ಟಾಗಿಟ್ಟಿದ್ದ ಒಂದು ಜಾಗದಲ್ಲಿ, ಅದನ್ನು 'ಸೈಟ್ ಎಕ್ಸ್' ಎಂದಷ್ಟೆ ಕರೆಯುತ್ತಿದ್ದರು, ಪೊದೆ ತೆಗೆದು, ಹುಲ್ಲು ಮೇಯಿಸಿ, ಸಬುಲೆಟಿ ಇರುವೆ ಹೆಚ್ಚುವವರೆಗೆ ಕಾದರು. ಸ್ವೀಡನ್ನಿನ ಓಲಂಡ್ ದ್ವೀಪದಲ್ಲಿ ದೊಡ್ಡ ನೀಲಿ ಇನ್ನೂ ಇತ್ತು, ಅಲ್ಲಿಯೂ ಅದರ ಆಶ್ರಯದಾತ ಸಬುಲೆಟಿಯೇ. 1983ರಲ್ಲಿ ಅಲ್ಲಿಂದ ತಂದ ಸಂತತಿಯನ್ನು ಬಿಡಲಾಯಿತು. ಮೊದಲು ಸಣ್ಣ ಪ್ರಯೋಗ, ಆಮೇಲೆ ಹೆಚ್ಚಿನ ಬಿಡುಗಡೆ. ಥಾಮಸ್ ಮತ್ತು ಅವರ ಸಹೋದ್ಯೋಗಿ ಡೇವಿಡ್ ಸಿಮ್‌ಕಾಕ್ಸ್ ಒಂದೊಂದು ಗುಡ್ಡವನ್ನೂ ಹೀಗೆಯೇ ಸಿದ್ಧಪಡಿಸುತ್ತ ಹೋದರು. ಸಾಮರ್ಸೆಟ್‌ನ ಗ್ರೀನ್ ಡೌನ್‌ನಲ್ಲಿ 1992ರಲ್ಲಿ, ಕೊಲ್ಲಾರ್ಡ್ ಹಿಲ್‌ನಲ್ಲಿ 2000ದಲ್ಲಿ ಚಿಟ್ಟೆ ನೆಲೆಸಿತು. ಇರುವೆ, ಥೈಮ್, ಹುಲ್ಲಿನ ಎತ್ತರ ಇವುಗಳಿಂದ ಚಿಟ್ಟೆಗಳ ಸಂಖ್ಯೆ ಎಷ್ಟಾಗಬೇಕೆಂದು ಮೊದಲೇ ಹಾಕಿದ ಗಣಿತದ ಅಂದಾಜಿಗೂ ಬಯಲಿನ ಎಣಿಕೆಗೂ ಚೆನ್ನಾಗಿ ತಾಳೆಯಾಯಿತು. 2009ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಗ್ಲಾಸ್ಟರ್‌ಶೈರ್‌ನ ರಾಡ್‌ಬರೊ ಕಾಮನ್ ಎಂಬಲ್ಲಿ ಐದು ವರ್ಷ ನೆಲ ಸಿದ್ಧಪಡಿಸಿ, 2019ರಲ್ಲಿ ಸುಮಾರು 1,100 ಹುಳುಗಳನ್ನು ಬಿಟ್ಟರು. 2020ರ ಬೇಸಿಗೆಯಲ್ಲಿ ಸುಮಾರು 750 ಚಿಟ್ಟೆಗಳು ಎದ್ದು ಬಂದವೆಂದು ಅಂದಾಜು. ಆ ಗುಡ್ಡದಲ್ಲಿ ದೊಡ್ಡ ನೀಲಿ ಕಂಡು 150 ವರ್ಷಗಳಾಗಿದ್ದವು. 2022ರಲ್ಲಿ ನೈರುತ್ಯ ಇಂಗ್ಲೆಂಡಿನ ನೆಲೆಗಳಲ್ಲಿ ಒಟ್ಟು ಸುಮಾರು 20,000 ಚಿಟ್ಟೆಗಳು ಹಾರಿದವು. ಅದೇ ಹುಲ್ಲುಗಾವಲನ್ನು ನಂಬಿದ ಇತರ ಅಪರೂಪದ ಗಿಡ, ಕೀಟ, ಹಕ್ಕಿಗಳಿಗೂ ಇದರಿಂದ ಅನುಕೂಲವಾಯಿತು. ಸಂಗ್ರಹದ ಗೀಳು ಮಾತ್ರ ಪೂರ್ತಿ ಹೋಗಿಲ್ಲ. 2017ರಲ್ಲಿ ಈ ಚಿಟ್ಟೆಯನ್ನು ಹಿಡಿದು ಕೊಂದದ್ದಕ್ಕಾಗಿ ಒಬ್ಬನಿಗೆ ಅಲ್ಲಿನ ನ್ಯಾಯಾಲಯ ಶಿಕ್ಷೆ ವಿಧಿಸಿತು.

ತಂದು ಬಿಟ್ಟರೆ ಸಾಲದು

ಇದಕ್ಕೆ ಹೋಲಿಕೆಯಾಗಿ ಇನ್ನೊಂದು ಪ್ರಸಂಗವನ್ನು ನೋಡಿ. ಇಂಗ್ಲೆಂಡಿನ ಜೌಗುನೆಲದಲ್ಲಿ 'ಲಾರ್ಜ್ ಕಾಪರ್' ಎಂಬ ತಾಮ್ರವರ್ಣದ ಚಿಟ್ಟೆಯಿತ್ತು. ಕೃಷಿಗಾಗಿ ಜೌಗನ್ನು ಬಸಿದು ಒಣಗಿಸಿದ್ದರಿಂದ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಅದು ಅಳಿಯಿತು. 1927ರಲ್ಲಿ ಅದರ ಹತ್ತಿರದ ಬಂಧುವಾದ ಡಚ್ ಉಪಪ್ರಭೇದವನ್ನು ತಂದು ವುಡ್‌ವಾಲ್ಟನ್ ಫೆನ್ ಎಂಬ ರಕ್ಷಿತ ಜೌಗಿನಲ್ಲಿ ಬಿಟ್ಟರು. ಸಾಕಿದ ಚಿಟ್ಟೆಗಳನ್ನು ಮತ್ತೆ ಮತ್ತೆ ತಂದು ಸೇರಿಸಿದರೂ ಆ ಸಂತತಿ ಸ್ವಂತ ಬಲದಿಂದ ನಿಲ್ಲಲೇ ಇಲ್ಲ, ಕೊನೆಗೆ ಅಳಿಯಿತು. ಅಲ್ಲಿ ಚಿಟ್ಟೆಯನ್ನು ಮರಳಿ ತಂದರೇ ಹೊರತು, ಅದಕ್ಕೆ ಸಾಕಾಗುವಷ್ಟು ವಿಶಾಲವಾದ ಜೌಗು ಮರಳಲಿಲ್ಲ.

ನಮ್ಮ ಸುತ್ತಮುತ್ತ

ಇರುವೆಗಳನ್ನು ಅವಲಂಬಿಸಿದ ಚಿಟ್ಟೆಗಳು ನಮ್ಮಲ್ಲೂ ಇವೆ. ಮಲೆನಾಡಿನಲ್ಲಿ ಎಲೆಗಳನ್ನು ಹೆಣೆದು ಗೂಡು ಕಟ್ಟುವ ಚಗಳಿ ಇರುವೆಯನ್ನು ಅನೇಕರು ಬಲ್ಲರು. ಲೈಸೀನಿಡೇ ಕುಟುಂಬದ ಕೆಲವು ಚಿಟ್ಟೆಗಳ ಹುಳುಗಳು ಈ ಇರುವೆಗೆ ಸಿಹಿರಸ ಕೊಟ್ಟು ಕಾವಲು ಪಡೆಯುತ್ತವೆ. ಲಿಫೈರ ಬ್ರಾಸೊಲಿಸ್ ಎಂಬ ಚಿಟ್ಟೆ ಭಾರತದಲ್ಲೂ ಇದೆ. ಅದರ ಹುಳು ಚಗಳಿಯ ಗೂಡಿನಲ್ಲೇ ಇದ್ದು, ಗಟ್ಟಿ ಹೊದಿಕೆಯ ರಕ್ಷಣೆಯಲ್ಲಿ ಇರುವೆ ಮರಿಗಳನ್ನು ತಿಂದು ಬೆಳೆಯುತ್ತದೆ. ಹಾಗೆಂದು ಹುಲ್ಲನ್ನು ಎಲ್ಲೆಡೆ ಮೇಯಿಸಬೇಕು, ಬೇಲಿಗಳನ್ನೆಲ್ಲ ಕೀಳಬೇಕು ಎಂಬ ತೀರ್ಮಾನಕ್ಕೆ ಬರಬೇಡಿ. ದೊಡ್ಡ ನೀಲಿಗೆ ಗಿಡ್ಡ ಹುಲ್ಲು ಬೇಕಾದದ್ದು ತಂಪು ದೇಶದ ಅಂಚಿನಲ್ಲಿ. ಪ್ರತಿ ಜೀವಿಗೂ ಅದರದೇ ಲೆಕ್ಕವಿದೆ, ಅದನ್ನು ಅಲ್ಲಲ್ಲೇ ಕಂಡುಕೊಳ್ಳಬೇಕು.

ಅಧ್ಯಾಪಕರು ವಿದ್ಯಾರ್ಥಿಗಳಿಂದ ಒಂದು ಸರಳ ಪ್ರಯೋಗ ಮಾಡಿಸಬಹುದು. ಶಾಲೆಯ ಅಂಗಳದಲ್ಲಿ ಹುಲ್ಲು ಎತ್ತರವಾಗಿರುವ ಒಂದು ಜಾಗ, ಅದರ ಪಕ್ಕದಲ್ಲೇ ಗಿಡ್ಡವಾಗಿರುವ ಇನ್ನೊಂದು ಜಾಗ ಆರಿಸಿ. ಮಧ್ಯಾಹ್ನದ ಬಿಸಿಲಿನಲ್ಲಿ ಎರಡೂ ಕಡೆ ಎರಡು ಸೆಂ.ಮೀ. ಆಳದಲ್ಲಿ ಮಣ್ಣಿನ ಉಷ್ಣತೆಯನ್ನು ಅಳೆಯಿರಿ. ಪ್ರತಿ ಜಾಗದಲ್ಲೂ ಒಂದು ಬೆಲ್ಲದ ಚೂರಿಟ್ಟು, ಅರ್ಧ ಗಂಟೆಯಲ್ಲಿ ಎಷ್ಟು ಬಗೆಯ ಇರುವೆಗಳು ಬಂದವೆಂದು ಬರೆದುಕೊಳ್ಳಿ. ವಾರಕ್ಕೊಮ್ಮೆ, ಒಂದು ವರ್ಷ. ಬ್ರಿಟನ್ನಿನ ದೊಡ್ಡ ನೀಲಿಯನ್ನು ಮರಳಿ ತಂದದ್ದು ಇಂಥದೇ ಎಣಿಕೆ. ಕೊನೆಯ ಚಿಟ್ಟೆ ಹಾರಿಹೋಗುವ ಮೊದಲೇ ಅದನ್ನು ಶುರುಮಾಡಬೇಕು, ಅಷ್ಟೆ.